ತಾಳಿಯ ಬೆಂಕಿ ಮತ್ತು ನನ್ನ ಬಲಗೈ

1995ನೇ ಇಸವಿ, ಮೇ ತಿಂಗಳ ಒಂದು ಗುರುವಾರ. ಬೆಳಗಿನ ಆರು ಗಂಟೆ. ಪಾಂಡವಪುರದಲ್ಲಿ ನಮ್ಮ ಮನೆಯ ಮುಂಭಾಗದ ಕೆಲಸದ ಕೋಣೆ. ಇದ್ದವರು ನಾನು ಮತ್ತು ನನ್ನ ಹೆಂಡತಿ. ಮದುವೆಯ ಹುಡುಗಿಯ ಅಜ್ಜಿ ಸಿಂಧಘಟ್ಟದಿಂದ ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಸಂಜೆ ದೀಪ ಹಚ್ಚುವುದರೊಳಗೆ ತಾಳಿ ಅವರ ಕೈ ಸೇರಬೇಕಾಗಿತ್ತು.

ನಾನು ಅಕ್ಕಸಾಲಿ. ನನ್ನ ತಂದೆಯೂ ಅಕ್ಕಸಾಲಿ, ಅವರ ತಂದೆಯೂ. ನಾಲ್ಕೂವರೆಗೆ ಏಳುವುದು, ತಣ್ಣೀರಿನ ಸ್ನಾನ, ಕಾಳಿಕಾಂಬೆಯ ಪಟಕ್ಕೆ ದೀಪ, ಆಮೇಲೆ ಸಾಮಾನು ಜೋಡಿಸುವುದು. ಅರಗಳು ಉದ್ದದ ಪ್ರಕಾರ, ಚಿಮಟ ಎಡಕ್ಕೆ, ಬೆಂಕಿಗೆ ಉಸಿರು ಕೊಡುವ ಊದುಕೊಳವೆ ಬಲಕ್ಕೆ. ತಂದೆ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಕೇಳಿದ ಸಾಮಾನನ್ನು ಕೈ ಚಾಚಿ ಕೊಡಿಸಿಕೊಳ್ಳುತ್ತಿದ್ದರು. ಕೆಲಸ ತಪ್ಪಿದರೆ ಅವರು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ನಾನು ಮಾಡಿದ್ದನ್ನು ತೆಗೆದುಕೊಂಡು ಮೂಸೆಗೆ, ಅಂದರೆ ಚಿನ್ನ ಕರಗಿಸುವ ಪುಟ್ಟ ಮಣ್ಣಿನ ಬಟ್ಟಲಿಗೆ, ಹಾಕಿ ಕರಗಿಸಿಬಿಡುತ್ತಿದ್ದರು. ಬೆಳಗಿನಿಂದ ಕೂತು ಮಾಡಿದ್ದು ಕಣ್ಣೆದುರಿಗೇ ಗುಂಡಾಗಿ ಹೋಗುತ್ತಿತ್ತು. ಅದನ್ನು ನೋಡುತ್ತ ಉಸಿರು ಹಿಡಿದು ಕೂರುವುದನ್ನು ನಾನು ಕೆಲಸದ ಜೊತೆಗೇ ಕಲಿತೆ.

ಆ ಗುರುವಾರ ನಾನು ಹೆದರಿದ್ದೆ. ಯಾಕೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಬಲಗೈ ಆ ದಿನ ಕಳೆಯುವ ತನಕ ತಡೆಯುತ್ತದೆ ಎಂಬ ನಂಬಿಕೆ ನನಗೆ ಇರಲಿಲ್ಲ.

ನೋವು ಶುರುವಾಗಿ ಆಗಲೇ ಕೆಲವು ವರ್ಷವಾಗಿತ್ತು. ಮೊದಲು ಕತ್ತಿನ ಬಲಭಾಗದಲ್ಲಿ ಒಂದು ಎಳೆತ. ನಂತರ ಭುಜ. ನಂತರ ಮೊಣಕೈಯಿಂದ ಕಿರುಬೆರಳಿನವರೆಗೆ ಕಾದ ತಂತಿ ಎಳೆದಂತೆ. ಬೆಳಿಗ್ಗೆ ಕಡಿಮೆ, ಸಂಜೆ ಜಾಸ್ತಿ. ಕೆಲವು ದಿನ ಅರ ಹಿಡಿದ ಬೆರಳು ಹಿಡಿದ ಹಾಗೆಯೇ ನಿಂತುಬಿಡುತ್ತಿತ್ತು. ಎಡಗೈಯಿಂದ ಒಂದೊಂದೇ ಬಿಡಿಸಿಕೊಳ್ಳಬೇಕಾಗಿತ್ತು. ಇದನ್ನು ಗಿರಾಕಿಗಳ ಎದುರು ಮಾಡುತ್ತಿರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ನಾಗಮಂಗಲದಲ್ಲಿ ನನ್ನ ಅಣ್ಣ ಇದ್ದ. ನನಗಿಂತ ನಯದ ಅಕ್ಕಸಾಲಿ. ಒಂದು ಓಲೆಯನ್ನು ಗಿರಾಕಿ ಒಪ್ಪಿ ಹೊಗಳಿದ ಮೇಲೂ ಕಿತ್ತುಕೊಂಡು ಮತ್ತೆ ಮಾಡುವಂಥವನು. ಅವನ ಬಲಗೈ ನಿಂತು ಹೋಗಿತ್ತು. ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಆ ವರ್ಷದ ಸಂಕ್ರಾಂತಿಯಲ್ಲಿ ನೋಡಲು ಹೋದಾಗ ಜಗಲಿಯ ಮೇಲೆ ಕೂತಿದ್ದ. ನಾನು ಚೀಲ ಕೆಳಗಿಟ್ಟ ರೀತಿ ನೋಡಿಯೇ ಕೇಳಿದ.

‘ನಿಂಗೂ ಬಂತೇನ್ಲಾ? ಎಲ್ಲಿ, ಕೈ ಮ್ಯಾಕೆತ್ತು ನೋಡಾನ.’

ಎತ್ತಿದೆ.

‘ಇನ್ನೂ ಐತೆ ಬುಡು. ನಂಗೂ ಇಂಗೇ ಶುರುವಾಗಿದ್ದು ಕಣ್ಲಾ. ಕ್ಯಾಮೆ ಕಮ್ಮಿ ಮಾಡು.’

‘ನೀನ್ ಮಾಡಿದ್ಯಾ?’

ಅಣ್ಣ ಜೋರಾಗಿ ನಕ್ಕ. ‘ನಾನ್ ಮಾಡಿದ್ರೆ ಇಂಗೆ ಗೂಬೆಯಂಗೆ ಕೂತಿರ್ತಿದ್ನೇನ್ಲಾ?’

ನಗುತ್ತಲೇ ಎಡಗೈಯಲ್ಲಿ ಲೋಟ ಎತ್ತಿಕೊಂಡ. ಕಾಫಿ ಅಂಗಿಯ ಮೇಲೆ ಚೆಲ್ಲಿತು. ಅವನು ಒರೆಸಿಕೊಳ್ಳಲಿಲ್ಲ. ಅಂಗಿಯ ಮೇಲೆ ಒಂದು ಸುಕ್ಕು ಸಹಿಸದಿದ್ದ ಮನುಷ್ಯ. ವಾಪಸು ಬರುವ ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಬೆರಳು ಮಡಿಸಿ ಬಿಡಿಸಿ ಪರೀಕ್ಷೆ ಮಾಡಿಕೊಂಡೆ.

ಆಮೇಲೆ ಮೈಸೂರಿನ ಆಸ್ಪತ್ರೆಗೆ ಹೋದೆ. ಎಕ್ಸ್‌ರೇ ತೆಗೆದರು, ರಕ್ತ ನೋಡಿದರು. ಡಾಕ್ಟರು ‘ಎಲ್ಲ ಸರಿಯಾಗಿದೆ’ ಎಂದರು. ಬೇರೆಯವರಿಗೆ ಆ ಮಾತು ಸಮಾಧಾನ ಕೊಡಬಹುದು. ನನಗೆ ಕೈಕಾಲು ತಣ್ಣಗಾಯಿತು. ಕಾಯಿಲೆಗೆ ಹೆಸರಿದ್ದರೆ ಔಷಧಿ ಇರುತ್ತದೆ. ಏನೂ ಇಲ್ಲದೆ ಒಂದು ಕೈ ಹೀಗೆ ಉರಿಯುವುದಾದರೆ ಅದನ್ನು ಯಾರು ಆರಿಸುತ್ತಾರೆ?

ಅಲ್ಲಿಂದ ವ್ಯಾಯಾಮ ಮಾಡಿಸುವ ಕೋಣೆಗೆ ಕಳಿಸಿದರು. ಅಲ್ಲೊಬ್ಬ ಹೆಣ್ಣುಮಗಳು, ನಡುವಯಸ್ಸಿನವರು, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು.

‘ಭುಜ ಇಳಿಸಿ.’

‘ಇಳಿಸೇ ಇದೀನಿ.’

ಅವರು ಎರಡು ಬೆರಳು ಇಟ್ಟು ಮೆತ್ತಗೆ ಒತ್ತಿದರು. ಭುಜ ಕೆಳಗೆ ಹೋಯಿತು. ಅಷ್ಟು ಹೊತ್ತು ಅದು ಮೇಲೆ ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಬೆರಳು ತೆಗೆದರು. ಭುಜ ತಾನಾಗಿ ಮತ್ತೆ ಮೇಲೇರಿತು. ನನ್ನದೇ ಮೈ ನನ್ನನ್ನು ಕೇಳದೆ ಹೀಗೆ ಮಾಡುತ್ತಿದೆ ಎಂದು ಕಂಡಾಗ, ಕತ್ತಲೆ ಮನೆಯಲ್ಲಿ ಇನ್ನೊಬ್ಬರ ಉಸಿರು ಕೇಳಿಸಿದಂತಾಯಿತು.

ನನ್ನ ಕಸುಬು ಕೇಳಿದರು. ಹೇಳಿದೆ.

‘ಒಂದು ಒಡವೆ ಮುಗೀತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?’

‘ಗಿರಾಕಿ ತಗೊಂಡು ಹೋದಾಗ.’

‘ಅಲ್ಲೀವರೆಗೂ?’

‘ನೋಡ್ತಾನೇ ಇರ್ತೀನಿ. ಏನಾದ್ರೂ ಒಂದು ಕಾಣುತ್ತೆ. ತಿದ್ತೀನಿ.’

‘ಅಲ್ಲೀವರೆಗೂ ನಿಮ್ಮ ಭುಜಾನೂ ಮೇಲೇ ಕಾಯ್ತಾ ಇರುತ್ತೆ’ ಎಂದರು. ‘ನಿಮ್ಮ ನೋವು ನಿಜ. ಮೂಳೆ ಸರಿಯಾಗಿದೆ ಅನ್ನೋದೂ ನಿಜ. ತಪ್ಪಾಗಿಬಿಡುತ್ತೆ ಅನ್ನೋ ಹೆದರಿಕೇಲಿ ಮೈ ವರ್ಷಗಟ್ಟಲೆ ಬಿಗಿ ಹಿಡಿದಿದ್ರೆ, ಬಿಡೋದನ್ನೇ ಮರೆತುಬಿಡಬಹುದು.’

ನಾನು ತಲೆಯಾಡಿಸಿ ಎದ್ದು ಬಂದೆ. ಅವರ ಮಾತು ನನಗೆ ಇನ್ನೊಂದು ಭಯವಾಗಿ ಅಂಟಿಕೊಂಡಿತು. ಅವರು ಹೇಳಿದ್ದು ನಿಜವಾದರೆ, ನನಗೆ ಅನ್ನ ಕೊಟ್ಟ ಎಚ್ಚರವೇ ನನ್ನ ಕೈಯನ್ನು ತಿನ್ನುತ್ತಿದೆ. ಎಚ್ಚರ ಬಿಟ್ಟರೆ ನಾನು ಯಾವ ಅಕ್ಕಸಾಲಿ? ಬಿಡದಿದ್ದರೆ ಎಷ್ಟು ದಿನ ಅಕ್ಕಸಾಲಿ?

ಈಗ ಆ ಗುರುವಾರಕ್ಕೆ ಬರುತ್ತೇನೆ.

ಹುಡುಗಿಯ ಮನೆ ಸಿಂಧಘಟ್ಟ, ಹುಡುಗನ ಮನೆ ಬೆಳಗೊಳ. ಎರಡೂ ಹಳೆಯ ಒಕ್ಕಲು ಮನೆತನ. ತಾಳಿಗೆ ಎರಡು ಬೊಟ್ಟು: ಒಂದು ತವರಿನ ಚಿನ್ನದ್ದು, ಇನ್ನೊಂದು ಗಂಡನ ಮನೆಯ ಚಿನ್ನದ್ದು. ಈ ಎರಡು ಮನೆಗಳಲ್ಲಿ ಒಂದು ಕಟ್ಟುನಿಟ್ಟಿತ್ತು. ಚಿನ್ನ ಬೆರೆಯಬಾರದು. ಬೇರೆ ಮೂಸೆ, ಬೇರೆ ಬೊಟ್ಟು, ಅರ ಹಾಕಿದಾಗ ಉದುರಿದ ಪುಡಿಯನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಕಟ್ಟಿ ಆಯಾ ಮನೆಗೆ ಹಿಂದಕ್ಕೆ ಕೊಡಬೇಕು. ನಮ್ಮ ಮನೆಯ ಕಟ್ಟಳೆ ಇನ್ನೊಂದು. ತಾಳಿಗೆ ಹೊತ್ತಿಸಿದ ಬೆಂಕಿಯಲ್ಲೇ ತಾಳಿ ಮುಗಿಯಬೇಕು. ಆ ಬೆಂಕಿ ಆರಿದ ಮೇಲೆ ಅದೇ ತಾಳಿಯನ್ನು ಮತ್ತೆ ಬೆಂಕಿಗೆ ಒಡ್ಡುವಂತಿಲ್ಲ. ಅದಕ್ಕೇ ತಾಳಿ ಕೊಡುವ ತನಕ ಕುಂಪಟೆಯ, ಅಂದರೆ ನಮ್ಮ ಅಗ್ಗಿಷ್ಟಿಕೆಯ, ಕೆಂಡಕ್ಕೆ ಬೂದಿ ಮುಚ್ಚಿ ಉಳಿಸಿಕೊಂಡಿರುತ್ತೇವೆ.

ಬೆಳಿಗ್ಗೆ ಎಲ್ಲ ಕ್ರಮವಾಗಿ ನಡೆಯಿತು. ಮೊದಲು ಸಿಂಧಘಟ್ಟದ ಚಿನ್ನ ಕರಗಿಸಿದೆ, ತಟ್ಟಿದೆ, ಅಚ್ಚಿಗೆ ಹಾಕಿದೆ, ದಾರ ಪೋಣಿಸುವ ಕುಣಿಕೆಯನ್ನು ಬೆಸೆದೆ, ಅರ ಹಾಕಿದೆ. ಪುಡಿ ಬೀಳಲೆಂದು ಮಡಿಲ ಮೇಲೆ ಹಾಸಿಕೊಂಡ ತೊಗಲನ್ನು ಬ್ರಷ್ಷಿನಿಂದ ಗುಡಿಸಿ ಪುಡಿಯನ್ನು ಪೊಟ್ಟಣ ಕಟ್ಟಿದೆ. ಆಮೇಲೆ ಬೆಳಗೊಳದ ಚಿನ್ನ. ಹಾಗೆಯೇ ಎಲ್ಲ. ಕುಣಿಕೆ ಬೆಸೆಯುವಾಗ ಊದುಕೊಳವೆ ಹಿಡಿದ ಕೈ ಒಮ್ಮೆ ನಡುಗಿತು. ಆ ಕ್ಷಣದಲ್ಲಿ ಬೊಟ್ಟು ಕರಗಿಹೋಗುತ್ತದೆಂದೇ ಅಂದುಕೊಂಡೆ. ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡೂ ಬೊಟ್ಟು ಹುಣಸೆ ನೀರಿನಲ್ಲಿ ತೊಳೆದು, ಒರೆಸಿ, ನನ್ನ ಅಂಗೈಯಲ್ಲಿದ್ದವು.

ಅಲ್ಲಿಗೆ ಕೈ ಕೆಳಗಿಟ್ಟಿದ್ದರೆ ಆಗುತ್ತಿತ್ತು.

‘ಮುದ್ದೆ ಆರೋಯ್ತದೆ, ಏಳಿ’ ಎಂದು ಹೆಂಡತಿ ಒಳಗಿನಿಂದ ಕರೆದಳು.

‘ಬಂದೆ.’

ಬರಲಿಲ್ಲ. ಎರಡು ಬೊಟ್ಟನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಸಿಂಧಘಟ್ಟದ್ದು ಹಳೆಯ ಒಡವೆ ಮುರಿದ ಚಿನ್ನ, ಕೆಂಪು ತಿರುಗುತ್ತಿತ್ತು. ಬೆಳಗೊಳದ್ದು ಹೊಸದು, ನಿಂಬೆಹಣ್ಣಿನ ಹಳದಿ. ಬಣ್ಣ ನನ್ನ ಕೈಯಲ್ಲಿಲ್ಲ. ಆದರೆ ಅಂಚು? ಒಂದರ ಅಂಚು ಎಡಕ್ಕೆ ತುಸು ದಪ್ಪ ಕಾಣುತ್ತಿತ್ತು. ಅರ ತೆಗೆದುಕೊಂಡೆ. ಎರಡೇ ಎಳೆತ. ಈಗ ಇನ್ನೊಂದು ದಪ್ಪ ಕಂಡಿತು.

ಅಜ್ಜಿ ಬಂದಾಗ ನಾನು ಹಾಗೆಯೇ ಬಗ್ಗಿ ಕೂತಿದ್ದೆ. ಎಲೆಯಡಿಕೆ ಚೀಲ ಬಿಚ್ಚಿಕೊಂಡು ಎದುರಿಗಿನ ಚಾಪೆಯ ಮೇಲೆ ಕೂತರು. ಎಂಬತ್ತರ ಹತ್ತಿರದ ವಯಸ್ಸು, ಬಾಯಿ ಮಾತ್ರ ಇಪ್ಪತ್ತರದು.

‘ಆಚಾರ್ರೇ, ಆಯ್ತಾ?’

‘ಆಯ್ತಾ ಬಂತು ಅವ್ವ.’

‘ಆಯ್ತೋ, ಆಯ್ತಾ ಬಂತೋ? ಎಲ್ಲಿ ಕೊಡು.’ ಬೊಟ್ಟು ಎರಡನ್ನೂ ತೆಗೆದುಕೊಂಡು ಬೆಳಕಿಗೆ ಹಿಡಿದರು. ‘ಚೆಂದಾಗವೆ ಕಣಪ್ಪಾ. ಕಟ್ಟು ಅತ್ಲಾಗೆ.’

‘ಇನ್ನೊಂಚೂರು ಅವ್ವ. ಎರಡೂ ಒಂದೇ ಸಮ ಬಂದಿಲ್ಲ.’

‘ಗಂಡೂ ಹೆಣ್ಣೂ ಒಂದೇ ಸಮ ಅವ್ರಾ? ಅವ್ನು ಕರ್ರಗೆ ತೆಂಗಿನ ಮರ ಇದ್ದಂಗವ್ನೆ. ನಮ್ಮುಡ್ಗಿ ಅವನ ಸೊಂಟುಕ್ಕೆ ಬತ್ತಾಳೆ. ಅವ್ರನ್ನೂ ಅರ ಹಾಕಿ ಉಜ್ಬುಡ್ತೀಯಾ?’

ಒಳಗಿಂದ ಹೆಂಡತಿ ನಕ್ಕದ್ದು ಕೇಳಿಸಿತು. ನಾನೂ ನಗಲು ನೋಡಿದೆ. ದವಡೆ ಬಿಚ್ಚಲಿಲ್ಲ. ಹಲ್ಲು ಕಚ್ಚಿಕೊಂಡಿದ್ದೇನೆಂದು ಆಗ ತಿಳಿಯಿತು. ನೋವು ಕಿವಿಯ ಹಿಂದಿನಿಂದ ಹಿಡಿದು ಬೆರಳ ತುದಿಯವರೆಗೆ ಒಂದೇ ದಾರವಾಗಿತ್ತು. ನಿಲ್ಲಿಸಬೇಕೆಂದು ಗೊತ್ತಿತ್ತು. ಆದರೆ ನಿಲ್ಲಿಸುವ ಯೋಚನೆ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಈ ತಾಳಿ ಆ ಹುಡುಗಿಯ ಕೊರಳಲ್ಲಿ ಬಾಳುವಷ್ಟು ಕಾಲವೂ ಇರುತ್ತದೆ. ಆ ಅಂಚಿನ ತಪ್ಪೂ ಅಷ್ಟು ಕಾಲ ಇರುತ್ತದೆ. ನಾಳೆ ಆ ಮನೆಯಲ್ಲಿ ಏನಾದರೂ ಕೆಟ್ಟದ್ದಾದರೆ? ಆಗ ನನಗೆ ನೆನಪಾಗುವುದು ಆ ಅಂಚು. ಹೀಗೆ ಯೋಚಿಸುತ್ತ ಇದನ್ನು ಎರಡೆಳೆತ, ಅದನ್ನು ಎರಡೆಳೆತ. ಕೂದಲೆಳೆಯಷ್ಟು ತೆಗೆದರೆ ಕೂದಲೆಳೆಯಷ್ಟು ಉಳಿಯುತ್ತಿತ್ತು.

‘ಇನ್ನೂ ಉಜ್ಜಿದ್ರೆ ದಾರ ಮಾತ್ರ ಉಳೀತದೆ ನೋಡು’ ಎಂದು ಅಜ್ಜಿ ಎಲೆಗೆ ಸುಣ್ಣ ಹಚ್ಚಿದರು. ಆಮೇಲೆ ಧ್ವನಿ ಬದಲಾಯಿತು. ‘ಆಚಾರೀ, ಯಾಕಪ್ಪಾ, ಬೆವ್ತೋಗಿದ್ದೀಯಲ್ಲ.’

ಬಾಗಿಲಿನ ಬಿಸಿಲು ಹೊಸ್ತಿಲು ದಾಟಿ ಹೊರಗೆ ಹೋಗಿತ್ತು. ಕೊನೆಗೂ ಎರಡನ್ನೂ ಕೆಳಗಿಟ್ಟೆ. ಪುಡಿ ಪೊಟ್ಟಣ ಕಟ್ಟೋಣವೆಂದು ಎಡಗೈಯಲ್ಲಿ ಬ್ರಷ್ಷು ತೆಗೆದುಕೊಂಡು ಮಡಿಲು ನೋಡಿದೆ.

ತೊಗಲಿನ ಮೇಲೆ ಕೆಂಪು ಪುಡಿಯೂ ಹಳದಿ ಪುಡಿಯೂ ಒಂದೇ ರಾಶಿಯಾಗಿ ಬಿದ್ದಿತ್ತು.

ಒಂದು ಬೊಟ್ಟಿಗೆ ಅರ ಹಾಕಿ, ಗುಡಿಸಿ, ಪೊಟ್ಟಣ ಕಟ್ಟಿ, ಆಮೇಲೆ ಇನ್ನೊಂದನ್ನು ಮುಟ್ಟಬೇಕು. ನನಗೆ ಹುಡುಗನಿದ್ದಾಗಲೇ ಬಂದ ಪಾಠ ಅದು. ಸರಿಸಮ ಮಾಡುವ ಹಟದಲ್ಲಿ ಅದನ್ನೇ ಮರೆತಿದ್ದೆ. ಎರಡು ಮನೆಯವರು ಕೈಮುಗಿದು ‘ಬೆರೆಸಬೇಡಿ’ ಎಂದು ಕೊಟ್ಟದ್ದನ್ನು ನನ್ನ ಮಡಿಲಲ್ಲೇ ಬೆರೆಸಿದ್ದೆ.

‘ಏನಾಯ್ತಪ್ಪಾ?’

‘ಪುಡಿ ಬೆರೆತೋಯ್ತು ಅವ್ವ.’

ಅಜ್ಜಿ ಅಗಿಯುವುದನ್ನು ನಿಲ್ಲಿಸಿದರು. ಬಗ್ಗಿ ತೊಗಲನ್ನು ನೋಡಿದರು. ‘ಬೊಟ್ಟು ಬೆರೆತಿಲ್ಲ ತಾನೆ?’

‘ಇಲ್ಲ. ಆದ್ರೆ ಒಂದರ ಪುಡಿ ಇನ್ನೊಂದಕ್ಕೆ ಅಂಟಿರಬೌದು. ಇವತ್ತು ಕೊಡಕ್ಕಾಗಲ್ಲ. ಬೆಂಕಿ ಇನ್ನೂ ಐತೆ. ಎರಡನ್ನೂ ಬೇರೆ ಬೇರೆ ಕರಗಿಸಿ ಮೊದಲಿಂದ ಮಾಡ್ತೀನಿ.’

‘ತಾಳಿ ಕರಗ್ಸಾದಾ?’ ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡರು. ‘ಅಂಗನ್ಬ್ಯಾಡ ಕಣಪ್ಪಾ. ಹೊತ್ತು ಮುಳುಗೋ ಹೊತ್ನಲ್ಲಿ ಆ ಮಾತು ನಾಲ್ಗೆ ಮ್ಯಾಲೆ ತರಬ್ಯಾಡ.’

ನಾನು ಕೇಳಿಸಿಕೊಳ್ಳಲಿಲ್ಲ. ಕುಂಪಟೆಯ ಬೂದಿ ಸರಿಸಿದೆ. ಕೆಂಡ ಕೆಂಪಗೆ ಕಣ್ಣು ಬಿಟ್ಟಿತು. ಎಡಗೈಯಲ್ಲಿ ಒಂದು ಬೊಟ್ಟನ್ನು ಮೂಸೆಗೆ ಹಾಕಿದೆ. ಊದುಕೊಳವೆಗೆ ಬಲಗೈ ಚಾಚಲು ಹೋದೆ.

ಕೈ ಹೋಗಲಿಲ್ಲ.

ಮಂಡಿಯ ಮೇಲೆ ಇದ್ದಲ್ಲೇ ಇತ್ತು. ಬೆರಳು ಅರ ಹಿಡಿದ ಆಕಾರದಲ್ಲೇ ಬಾಗಿ ನಿಂತಿತ್ತು, ಅರ ಕೆಳಗೆ ಬಿದ್ದಿದ್ದರೂ. ಏಳು ಎಂದು ಮನಸ್ಸಿನಲ್ಲೇ ಹೇಳಿದೆ. ಇನ್ನೊಮ್ಮೆ ಹೇಳಿದೆ. ಭುಜದಲ್ಲಿ ಏನೋ ಅದುರಿತು, ಅಷ್ಟೆ. ಜಗಲಿಯ ಮೇಲೆ ಕೂತ ಅಣ್ಣ ಕಣ್ಣ ಮುಂದೆ ಬಂದ. ಇದೇ ದಿನ ಅದು, ಬಂದೇಬಿಟ್ಟಿತು ಎಂದುಕೊಂಡೆ. ಆದರೂ ನಾನು ಮಾಡಿದ್ದೇನೆಂದರೆ, ಎಡಗೈಯಿಂದಲೇ ಊದುಕೊಳವೆ ಎತ್ತಿ ಬಾಯಿಗಿಟ್ಟುಕೊಂಡದ್ದು.

ಹೆಂಡತಿ ಬಂದದ್ದು ನನಗೆ ಕಾಣಲಿಲ್ಲ. ಮೊದಲು ಅವಳ ಕೈ ಬಂತು. ಮೂಸೆಯೊಳಗಿನ ಬೊಟ್ಟನ್ನು ಚಿಮಟದಿಂದ ಎತ್ತಿ ಚಾಪೆಯ ಮೇಲಿಟ್ಟಳು. ಆಮೇಲೆ ಇನ್ನೊಂದು ಕೈಯಲ್ಲಿದ್ದ ಚೊಂಬಿನ ನೀರನ್ನು ಕುಂಪಟೆಗೆ ಸುರಿದಳು.

ಚುಂಯ್ ಎಂದು ಕೋಣೆಯ ತುಂಬ ಹೊಗೆ ಎದ್ದಿತು.

ನಮ್ಮ ಮನೆಯಲ್ಲಿ ಬೆಂಕಿಗೆ ನೀರು ಹಾಕುವುದಿಲ್ಲ. ಬೂದಿ ಮುಚ್ಚುತ್ತೇವೆ. ನೀರು ಹಾಕಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹೊಗೆ ತಿಳಿಯಾದಾಗ ಅವಳ ಮುಖ ನೋಡಿದೆ. ತುಟಿ ಬಿಳಿಚಿಕೊಂಡಿತ್ತು.

‘ಬೆಂಕಿ ಆರೋಯ್ತು’ ಎಂದಳು. ‘ಇನ್ನು ಕರಗ್ಸಂಗಿಲ್ಲ. ನಿಮ್ ಅಪ್ಪಾರು ಮಾಡಿಟ್ಟೋಗಿರಾದೇ ಅಂಗೆ. ಏನಾದ್ರೂ ಕೆಟ್ಟದ್ದು ಬಂದ್ರೆ ನೀರಾಕ್ದೋಳ ತಲೆ ಮ್ಯಾಲೆ ಬರ್ಲಿ. ಅವ್ವಾ, ನಿಮ್ ತಾಳಿ ತಕಳಿ.’

ಅಜ್ಜಿ ನಿಧಾನವಾಗಿ ಬೊಟ್ಟುಗಳನ್ನು ಎತ್ತಿಕೊಂಡರು. ಕಣ್ಣಿಗೊತ್ತಿಕೊಂಡರು. ಅರಿಶಿನದ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದರು. ಎರಡರಲ್ಲಿ ಯಾವುದು ಕೆಂಪು, ಯಾವುದು ಹಳದಿ ಎಂದು ಅವರು ನೋಡಲಿಲ್ಲ.

‘ಬೆಳಗಿನ ಪೊಟ್ಟಣ ಬೇರೆ ಬೇರೆ ಇರ್ಲಿ. ಇದ ಮಾತ್ರ ಒಂದೇ ಪೊಟ್ಟಣ ಕಟ್ಟಮ್ಮ’ ಎಂದು ನನ್ನ ಹೆಂಡತಿಗೆ ಹೇಳಿದರು. ‘ಬೀಗ್ರಿಗೆ ನಾನ್ ಯೋಳ್ಕತೀನಿ. ಬೆರೆತದ್ದು ಧೂಳು ತಾನೆ. ನಾಡಿದ್ದು ಮನೆ ಮನೆಯೇ ಬೆರೀತವೆ.’ ಹೊರಡುವಾಗ ಹೊಸ್ತಿಲಲ್ಲಿ ನಿಂತು ಒದ್ದೆ ಕುಂಪಟೆಯ ಕಡೆ ಒಮ್ಮೆ ನೋಡಿದರು. ‘ನೀರ್ ಬಿದ್ದಿದ್ದು ಮಾತ್ರ ಯಾರ್ಗೂ ಯೋಳಾಕಿಲ್ಲ ಕಣಪ್ಪಾ. ನೀವೂ ಯೋಳ್ಬ್ಯಾಡಿ.’

ಅಷ್ಟು ಬಾಯಿಯ ಅಜ್ಜಿಯ ಧ್ವನಿಯಲ್ಲೂ ಭಯ ಇತ್ತು. ಅದನ್ನೂ ತಾಳಿಯ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡೇ ಅವರು ಬಸ್ಸಿಗೆ ಹೋದರು.

ಆ ಮದುವೆ ಚೆನ್ನಾಗಿ ನಡೆಯಿತು. ಆ ಹುಡುಗಿ ಈಗ ಮೊಮ್ಮಕ್ಕಳನ್ನು ಆಡಿಸುತ್ತಾಳೆ. ನನ್ನ ಕೈಯೂ ಅಣ್ಣನ ಕೈಯಂತೆ ನಿಲ್ಲಲಿಲ್ಲ. ನೋವು ಇವತ್ತಿಗೂ ಇದೆ, ಹೋಗಿಲ್ಲ. ಯಾವ ಕೆಲಸವನ್ನು ಯಾವಾಗ ಬಿಡಬೇಕೆಂದು ಈಗ ಅದೇ ನನಗೆ ಹೇಳುತ್ತದೆ, ನಾನು ಅರ್ಧ ಸಲ ಕೇಳುತ್ತೇನೆ. ಇದೆಲ್ಲ ಈಗ ಗೊತ್ತಿರುವುದು. ಆ ಸಂಜೆ ಏನೂ ಗೊತ್ತಿರಲಿಲ್ಲ.

ಆ ಸಂಜೆ ನಾನು ಗೋಡೆಗೆ ಒರಗಿ ಕೂತು ಬಲಗೈಯನ್ನು ನೋಡುತ್ತಿದ್ದೆ. ಹೆಂಡತಿ ಎದುರಿಗೆ ಕೂತು ಬೆರಳನ್ನು ಒಂದೊಂದಾಗಿ ಬಿಡಿಸಿದಳು. ಬಿಡಿಸಿದ ಬೆರಳು ತುಸು ಹೊತ್ತಿಗೆ ಮತ್ತೆ ಬಾಗುತ್ತಿತ್ತು. ಅವಳು ಮತ್ತೆ ಬಿಡಿಸಿದಳು.

‘ನೀರು ಹಾಕಬಾರ್ದಿತ್ತು’ ಎಂದೆ.

‘ಊದಾಕೋಗ್ಬಾರ್ದಿತ್ತು’ ಎಂದಳು.

‘ನಾಳೆ ಕೈ ಏಳದೇ ಹೋದ್ರೆ?’

ಅವಳು ಹಿಡಿದ ಬೆರಳನ್ನು ಬಿಡಲಿಲ್ಲ.

ಕೆಲಸ ಇನ್ನೂ ಒಂದು ಉಳಿದಿತ್ತು. ಅಕ್ಕಸಾಲಿಯ ಮನೆಯ ಬೂದಿಯನ್ನು ಬೀದಿಗೆ ಚೆಲ್ಲುವುದಿಲ್ಲ. ಚಿನ್ನದ ಕಣ ಇರಬಹುದೆಂದು ಡಬ್ಬದಲ್ಲಿ ಕೂಡಿಡುತ್ತೇವೆ. ಒದ್ದೆ ಬೂದಿಯನ್ನು ತುಂಬುವುದು ನನಗೂ ಹೊಸದು. ಎಡಗೈಯಲ್ಲಿ ಕೆರೆದು ತೆಗೆದೆ. ಅರ್ಧ ಡಬ್ಬದೊಳಗೆ ಬಿತ್ತು, ಅರ್ಧ ನೆಲದ ಮೇಲೆ. ನೆಲದ್ದನ್ನು ಅವಳು ಬಟ್ಟೆಯಿಂದ ಒರೆಸಿ, ಬಟ್ಟೆಯನ್ನೂ ಡಬ್ಬದೊಳಕ್ಕೇ ಹಿಂಡಿದಳು. ಕುಂಪಟೆಯನ್ನು ಇಬ್ಬರೂ ಎತ್ತಿ ಗೋಡೆಯ ಬದಿಗೆ ಒಣಗಲು ಇಟ್ಟೆವು. ಡಬ್ಬದ ಮುಚ್ಚಳ ಅವಳು ಹಾಕಿದಳು.